ದಂಡಿನ ಸೀಮೆಯೂ ಅದರ ನೀರೂ

ಬೆಂಗಳೂರಿನ ಮೂಡಣ ಭಾಗವನ್ನು, ಎಂದರೆ ಶಿವಾಜಿನಗರ, ಹಲಸೂರು, ಇಂದಿರಾನಗರ, ಕೃಷ್ಣರಾಜಪುರ ಇವುಗಳನ್ನೊಳಗೊಂಡ ಪ್ರದೇಶವನ್ನು, ಬೇಸಾಯದ ಮಾತು ಬಂದಾಗ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಲ್ಲಿರುವುದು ಬರಿಯ ಬೀದಿ, ಅಂಗಡಿ, ಕಾರ್ಖಾನೆಗಳೆಂದೂ, ನೇಗಿಲಿಗೂ ಆ ಸೀಮೆಗೂ ಸಂಬಂಧವೇ ಇಲ್ಲವೆಂದೂ ಜನರಲ್ಲಿ ಭಾವನೆಯುಂಟು. ಈ ಭಾವನೆಯು ತಪ್ಪು; ತಪ್ಪು ಮಾತ್ರವಲ್ಲ, ಇದರಿಂದ ರೈತಾಪಿ ಜನರಿಗೆ ನಷ್ಟವೂ ಆಗುತ್ತಿರುವುದು. ಪ್ರತಿದಿನವೂ ಈ ಸೀಮೆಯ ಮೋರಿಗಳಿಂದ ಹೊರಡುವ ನೀರು ವರ್ತೂರಿನ ಕೆಳಗಿನ ಗದ್ದೆ ತೋಟಗಳಿಗೂ, ಕೋಲಾರ ಜಿಲ್ಲೆಯ ಕೆರೆಗಳಿಗೂ ಹೋಗಿ ಸೇರುತ್ತಿರುವಾಗ, ಅದು ಬೇಸಾಯದ ಸೀಮೆಯಲ್ಲವೆಂದು ಹೇಳುವುದು ಹೇಗೆ?

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಒಂದೊಂದು ಸಂಸ್ಥಾನದ ಚರಿತ್ರೆ, ಎಲ್ಲೆಕಟ್ಟು, ನದಿ, ಮಳೆ, ಬೆಳೆ, ಜನಸಂಖ್ಯೆ ಇವುಗಳನ್ನು ಅಲ್ಲಿಯ ಮಕ್ಕಳು ಶಾಲೆಯಲ್ಲಿಯೇ ಕಲಿಯುವರು. ಬೆಂಗಳೂರಿನ ದಂಡೂ ಒಂದು ಕಾಲದಲ್ಲಿ ಬೇರೆಯಾದ ಒಂದು ಆಡಳಿತ ಸೀಮೆಯೇ ಆಗಿತ್ತು. ಆದರೆ ಅದರ ಮೊದಲ ಸಂಗತಿಗಳನ್ನು ಬಲ್ಲವರು ಇಂದು ಅಪರೂಪ. ಆದುದರಿಂದ ಅವುಗಳನ್ನು ಇಲ್ಲಿ ಸಂಕ್ಷೇಪವಾಗಿ ಹೇಳಿ, ಅನಂತರ ಮುಖ್ಯವಾದ ವಿಷಯಕ್ಕೆ ಬರುವುದು ಯುಕ್ತವಾಗಿರುವುದು.

೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಇಂಗ್ಲಿಷರ ಸೇನೆಯು ಅಲ್ಲಿಯೇ ನಿಂತಿತು. ಆ ಸ್ಥಳದ ಜ್ವರವು ಸಿಪಾಯಿಗಳಿಗೆ ಒಗ್ಗಲಿಲ್ಲ. ೧೮೦೯ರಲ್ಲಿ ಸೇನೆಯನ್ನು ಬೆಂಗಳೂರಿಗೆ ಸಾಗಿಸಿ, ಪೇಟೆಗೆ ಮೂಡಲಾಗಿ ಹಲಸೂರಿನ ಬಳಿಯ ಬಯಲಿನಲ್ಲಿ ನೆಲೆಗೊಳಿಸಿದರು. ಜನರು ಅದನ್ನು ‘ದಂಡು’ ಎಂದು ಕರೆದರು. ಹೆಸರು ಈಗಲೂ ಉಳಿದಿದೆ. ೧೮೩೧ರಲ್ಲಿ ಮೈಸೂರಿನ ಆಡಳಿತವನ್ನೇ ಕಂಪೆನಿ ಸರ್ಕಾರದವರು ವಹಿಸಿಕೊಂಡರು. ೧೮೮೧ರಲ್ಲಿ ಚಾಮರಾಜೇಂದ್ರ ಒಡೆಯರಿಗೆ ರಾಜ್ಯವನ್ನು ಹಿಂದಕ್ಕೆ ಕೊಟ್ಟಾಗ ದಂಡನ್ನು ಮಾತ್ರ ಕೊಡಲಿಲ್ಲ. ಸಿವಿಲ್ ಮತ್ತು ಮಿಲಿಟರಿ ಸ್ಟೇಷನ್ ಎಂಬ ಹೆಸರಿನಿಂದ ಸುಮಾರು ಹದಿಮೂರೂವರೆ ಚದರ ಮೈಲಿಗಳಷ್ಟು ಭೂಮಿಯು ಬ್ರಿಟಿಷ್ ರೆಸಿಡೆಂಟರ ಕೈಯಲ್ಲಿಯೇ ಉಳಿಯಿತು. ಮಹಾರಾಜರ ರಾಜ್ಯದ ನಡುವೆಯೇ ಇದ್ದರೂ ಅಲ್ಲಿ ಮಹಾರಾಜರ ಕಾನೂನು ನಡೆಯುತ್ತಿರಲಿಲ್ಲ. ಪೇಟೆಗೆ ಒಂದು ಪುರಸಭೆ, ದಂಡಿಗೆ ಒಂದು ಪುರಸಭೆ. ೧೯೦೧ರ ಖಾನೇಷುಮಾರಿಯಲ್ಲಿ ಪೇಟೆಯ ಜನಸಂಖ್ಯೆ ೬೯,೪೪೭ ಆಗಿದ್ದರೆ ದಂಡಿನದು ೮೯,೫೯೯ ಆಗಿದ್ದಿತು. ಹೀಗೆ ಅರವತ್ತಾರು ವರ್ಷ ನಡೆದು, ೧೯೪೭ನೆಯ ಜುಲೈ ೨೬ರಂದು, ಸ್ವಾತಂತ್ರ್ಯಕ್ಕೆ ಕೆಲವೇ ವಾರಗಳ ಮುಂಚೆ, ದಂಡು ಮೈಸೂರಿಗೆ ಹಿಂದಿರುಗಿತು. ೧೯೪೯ರಲ್ಲಿ ಎರಡು ಪುರಸಭೆಗಳೂ ಕೂಡಿ ಒಂದೇ ಕಾರ್ಪೊರೇಷನ್ ಆಯಿತು.

ಇನ್ನು ಭೂಮಿಯ ವಿಚಾರ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು ೩೦೦೦ ಅಡಿ ಎತ್ತರದಲ್ಲಿದೆ. ಉತ್ತರದಿಂದ ದಕ್ಷಿಣಕ್ಕೆ ಹಾಯ್ದಿರುವ ಒಂದು ದಿಣ್ಣೆಯು ನೀರನ್ನು ಎರಡು ಪಾಲಾಗಿ ಹಂಚುವುದು. ಪಡುವಣ ಪಾಲು ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿಗೆ ಹೋಗುವುದು. ಮೂಡಣ ಪಾಲು ದಕ್ಷಿಣ ಪಿನಾಕಿನಿಗೆ ಸೇರಿ ತಮಿಳುನಾಡಿಗೆ ಇಳಿಯುವುದು. ದಂಡಿನ ಸೀಮೆಯ ಬಹುಭಾಗವೂ ಅದರ ಮೂಡಲಿನ ಊರುಗಳೂ ಈ ಎರಡನೆಯ ಪಾಲಿನವು. ಇಲ್ಲಿಯದು ಕೆಂಪು ಮಣ್ಣು; ವರ್ಷದ ಮಳೆ ಸರಾಸರಿ ೩೮ ಅಂಗುಲ. ನದಿಯೆಂಬುದು ಹೆಸರಿಗೆ ಮಾತ್ರ. ಆದುದರಿಂದ ಹಿಂದಿನವರು ತಗ್ಗಿಗೊಂದು ಏರಿ ಹಾಕಿ, ಒಂದು ಕೆರೆಯ ಕೋಡಿಯು ಮುಂದಿನ ಕೆರೆಗೆ ಬೀಳುವಂತೆ ಸರಪಳಿಯಾಗಿ ಕೆರೆಗಳನ್ನು ಕಟ್ಟಿದರು. ಖುಷ್ಕಿಯಲ್ಲಿ ರಾಗಿ, ಅವರೆ, ಹುರುಳಿ. ಕೆರೆಯ ಅಚ್ಚುಕಟ್ಟಿನಲ್ಲಿ ಭತ್ತ. ಬಾವಿಯ ಬಾಗಾಯಿತಿನಲ್ಲಿ ತರಕಾರಿ, ಹೂವು. ಹಲಸೂರಿನ ಕೆರೆಯು ಕೆಂಪೇಗೌಡರ ವಂಶದವರ ಕಾಲದ್ದೆಂದು ಹೇಳುವರು. ಕೃಷ್ಣರಾಜಪುರದಾಚೆ ಹೊಸಕೋಟೆಯ ರಸ್ತೆಯಲ್ಲಿರುವ ದೊಡ್ಡ ಕೆರೆಯನ್ನು ಕಟ್ಟಿಸಿದವರು ಎಲೆ ವ್ಯಾಪಾರಿಗಳಾಗಿದ್ದ ಮಲ್ಲಪ್ಪಶೆಟ್ಟರು. ವೀಳೆಯದೆಲೆಯಲ್ಲಿ ಬಂದ ಲಾಭವು ನೀರಾಗಿ ನಿಂತಿತು. ಇಂಥ ದಾನಿಗಳನ್ನು ನೆನೆಯುವ ಪದ್ಧತಿಯು ಈಗ ಕಡಿಮೆಯಾಗಿರುವುದು ವಿಷಾದಕರ.

ಊರುಗಳ ಹೆಸರುಗಳೇ ಹಿಂದಿನ ಬೇಸಾಯಕ್ಕೆ ಸಾಕ್ಷಿ. ಹಲಸೂರೆಂಬುದು ಹಲಸಿನ ತೋಪಿನಿಂದ ಬಂದಿತೆಂದು ಪ್ರತೀತಿ. ಇಂದು ಆ ತೋಪೆಲ್ಲಿ ಎಂದು ಕೇಳಿದರೆ ತೋರಿಸುವವರಿಲ್ಲ. ಶಿವಾಜಿನಗರಕ್ಕೆ ಹಿಂದೆ ಬ್ಲಾಕ್‌ಪಳ್ಳಿ ಎಂದು ಹೆಸರಿತ್ತು. ಸೆಂಜಿಯ ಕಡೆಯಿಂದ ಬಂದು ನೆಲೆಸಿದ ಒಕ್ಕಲುಗಳು ಇಲ್ಲಿ ಬಿಳಿಯ ಅಕ್ಕಿಯನ್ನು ಬೆಳೆಯುತ್ತಿದ್ದುದರಿಂದ ಬಿಳಿಅಕ್ಕಿಪಳ್ಳಿ ಎಂದಾಗಿ, ಅದೇ ದೊರೆಗಳ ಬಾಯಲ್ಲಿ ಹೀಗೆ ಕೆಟ್ಟಿತೆಂದು ಒಂದು ಹೇಳಿಕೆಯುಂಟು. ಬಿಳಿಯು ಕಪ್ಪಾದುದು ವಿನೋದವೇ ಸರಿ.

ದಂಡಿನಿಂದ ರೈತರಿಗೆ ಲಾಭವೂ ಆಯಿತೆಂಬುದನ್ನು ಮರೆಯಲಾಗದು. ದೊರೆಗಳ ಊಟಕ್ಕೆ ಬೇಕಾದ ಕೋಸು, ಹೂಕೋಸು, ಬೀಟ್‌ರೂಟು, ನವಿಲುಕೋಸು, ಗಜ್ಜರಿ ಇವುಗಳಿಗೆ ನಂಬಿಕೆಯ ಗಿರಾಕಿಯು ದೊರೆತುದರಿಂದ, ಸುತ್ತಣ ಹಳ್ಳಿಗಳ ಒಕ್ಕಲಿಗರೂ ತಿಗಳರೂ ಈ ಸೀಮೆಯ ತರಕಾರಿಗಳ ಕೃಷಿಯಲ್ಲಿ ನುರಿತವರಾದರು. ಮೆಕ್ಸಿಕೋ ದೇಶದ ಮೂಲದ ಸೀಮೆಬದನೆಯನ್ನು ತಮಿಳರು ಈಗಲೂ ‘ಬೆಂಗಳೂರು ಕತ್ತರಿಕಾಯಿ’ ಎಂದೇ ಕರೆಯುವರು. ೧೮೬೪ರಲ್ಲಿ ದಂಡಿನಿಂದ ಜೋಲಾರಪೇಟೆಗೆ ರೈಲು ನಡೆಯಲಾರಂಭಿಸಿದ ಮೇಲೆ ಮದರಾಸಿನ ಸಂತೆಗೂ ದಾರಿಯಾಯಿತು. ೧೯೩೩ರಲ್ಲಿ ಆರಂಭವಾದ ರಸೆಲ್ ಮಾರುಕಟ್ಟೆಯು ಈ ವ್ಯಾಪಾರದ ಹೃದಯಸ್ಥಾನ. ೨೦೧೨ರ ಫೆಬ್ರವರಿಯಲ್ಲಿ ಅದರಲ್ಲಿ ಬೆಂಕಿ ಬಿದ್ದು ಎಷ್ಟೋ ಮಳಿಗೆಗಳು ಹಾಳಾದರೂ ವ್ಯಾಪಾರವು ನಿಲ್ಲಲಿಲ್ಲ.

ಬೇಸಾಯವೆಂದರೆ ಭೂಮಿಯಿದ್ದರೆ ಸಾಕೆಂದು ತಿಳಿದವರಿಗೆ ವೈಟ್‌ಫೀಲ್ಡಿನ ಕಥೆಯು ಉಪಯುಕ್ತವಾದುದು. ಆಂಗ್ಲೋ-ಇಂಡಿಯನ್ ಕುಟುಂಬಗಳು ಕಚೇರಿಯ ನೌಕರಿಯನ್ನೇ ನಂಬದೆ ಸ್ವಂತ ಹೊಲದಲ್ಲಿ ದುಡಿದು ಬಾಳಬೇಕೆಂದು ಮದರಾಸಿನ ವೈಟ್ ಎಂಬವರು ಯೋಚಿಸಿದರು. ೧೮೮೨ರಲ್ಲಿ ಚಾಮರಾಜೇಂದ್ರ ಒಡೆಯರು ದಂಡಿನ ಎಲ್ಲೆಯ ಹೊರಗೆ, ಕಾಡುಗೋಡಿಯ ಬಳಿಯಲ್ಲಿ, ಈ ವಸಾಹತಿಗಾಗಿ ೩೯೦೦ ಎಕರೆಗಳನ್ನು ಕೊಟ್ಟರು. ನಡುವೆ ದುಂಡಗಿನ ಮೈದಾನವಿಟ್ಟು ಸುತ್ತಲೂ ಮನೆಗಳನ್ನು ಕಟ್ಟಿದರು. ಉದ್ದೇಶವು ಶ್ಲಾಘ್ಯವಾದುದೇ. ಆದರೆ ವಸಾಹತು ಎಣಿಸಿದಷ್ಟು ಬೆಳೆಯಲಿಲ್ಲ. ಮೂರು ಸಾವಿರದೊಂಬೈನೂರು ಎಕರೆ ನೆಲವನ್ನು ಕಾಗದದ ಮೇಲೆ ಕೊಡುವುದು ಸುಲಭ. ಬಾವಿಯಲ್ಲಿ ಊಟೆ ಕಾಣಿಸುವುದು ಯಾವ ಸನ್ನದಿನಿಂದಲೂ ಆಗದು. ನೂರು ವರ್ಷಗಳಾಚೆಗೆ, ೧೯೯೦ರ ದಶಕದಿಂದೀಚೆಗೆ, ಅದೇ ನೆಲದಲ್ಲಿ ಗಾಜಿನ ಗೋಡೆಯ ಕಂಪೆನಿಗಳೆದ್ದು, ಎಕರೆಯ ಲೆಕ್ಕವು ಹೋಗಿ ಚದರಡಿಯ ಲೆಕ್ಕವು ಬಂದಿದೆ. ಅದಕ್ಕೆ ಮೊದಲೇ ೧೯೪೦ರಲ್ಲಿ ವಿಮಾನದ ಕಾರ್ಖಾನೆ, ೧೯೪೮ರಲ್ಲಿ ಕೃಷ್ಣರಾಜಪುರದ ಬಳಿ ಟೆಲಿಫೋನ್ ಕಾರ್ಖಾನೆ, ೧೯೭೦ರ ದಶಕದಿಂದ ಬಿನ್ನಮಂಗಲ, ದೂಪನಹಳ್ಳಿಗಳ ಹೊಲಗಳಲ್ಲಿ ಇಂದಿರಾನಗರ. ಪರಿಹಾರವು ಎಷ್ಟೇ ದೊರೆತಿರಲಿ, ಹೊಲವು ಒಮ್ಮೆ ನಿವೇಶನವಾದ ಮೇಲೆ ಮರಳಿ ಹೊಲವಾಗುವುದಿಲ್ಲ. ಇದನ್ನು ಕುರಿತು ಶೋಕಿಸಿ ಫಲವಿಲ್ಲ. ಮನೆಗಳು ಬರಲಿ, ಆದರೆ ಮನೆಗಳಿಂದ ಹೊರಡುವ ನೀರು ಎಲ್ಲಿಗೆ ಹೋಗುವುದೆಂಬುದು ಪ್ರಶ್ನೆ.

ಈ ನೀರು ಹೋಗುವ ದಾರಿಯನ್ನು ವಾಚಕರು ಮನಸ್ಸಿನಲ್ಲಿ ಹಿಂಬಾಲಿಸಿ ನೋಡಬಹುದು. ಶಿವಾಜಿನಗರದ ಮೋರಿಗಳು ಹಲಸೂರಿನ ಕೆರೆಯ ಕಡೆಗೆ ಇಳಿಯುವುವು. ಸುಮಾರು ೧೨೦ ಎಕರೆಗಳ ಈ ಕೆರೆಯ ದಡದಲ್ಲಿ ಮದರಾಸ್ ಸ್ಯಾಪರ್ಸ್ ಪಡೆಯ ಕೇಂದ್ರವಿದೆ; ದಂಡು ಎಂಬ ಹೆಸರನ್ನು ಇಂದಿಗೂ ಸಾರ್ಥಕಗೊಳಿಸಿರುವ ಸಂಸ್ಥೆಗಳಲ್ಲಿ ಇದೊಂದು. ೨೦೧೬ರ ಮಾರ್ಚಿಯಲ್ಲಿ ಈ ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದುವು. ಇಲ್ಲಿಂದ ಹೊರಟ ನೀರು ಚಲ್ಲಘಟ್ಟದ ಕಣಿವೆಗೆ ಬೀಳುವುದು. ಚಲ್ಲಘಟ್ಟದ ಕೆರೆಯು ಗಾಲ್ಫ್ ಆಟದ ಮೈದಾನವಾಗಿರುವುದರಿಂದ ಅಲ್ಲಿ ನಿಂತು ತಿಳಿಯಾಗುವ ಅವಕಾಶವು ನೀರಿಗಿಲ್ಲ. ಸಂಪಂಗಿ ಕೆರೆ, ಅಕ್ಕಿತಿಮ್ಮನಹಳ್ಳಿ ಕೆರೆಗಳೂ ಹೀಗೆಯೇ ಆಟದ ಬಯಲುಗಳಾಗಿವೆ. ದಂಡಿನ ಸುತ್ತಣ ಕೆರೆಗಳಿಗೆ ಆಟದ ಮೇಲೆ ಇಷ್ಟು ಪ್ರೀತಿಯೇಕೋ ತಿಳಿಯದು. ಅಲ್ಲಿಂದ ಮುಂದೆ ಸುಮಾರು ೯೦೦ ಎಕರೆಗಳ ಬೆಳ್ಳಂದೂರು ಕೆರೆ. ಅದರ ಕೋಡಿಯು ವರ್ತೂರಿಗೆ. ವರ್ತೂರಿನ ಕೋಡಿಯು ದಕ್ಷಿಣ ಪಿನಾಕಿನಿಗೆ.

ಬೆಳ್ಳಂದೂರಿನಲ್ಲಿ ನಡೆದುದು ಎಲ್ಲರಿಗೂ ತಿಳಿದಿದೆ. ಮನೆಗಳ ಸಾಬೂನಿನ ಪುಡಿಯೂ ಕಾರ್ಖಾನೆಯ ಕಶ್ಮಲವೂ ಕೂಡಿದ ನೀರು ಕೋಡಿಯಲ್ಲಿ ಧುಮುಕುವಾಗ ನೊರೆಯೆದ್ದು ರಸ್ತೆಗೆ ಹಾರಿತು. ೨೦೧೫ರ ಮೇ ತಿಂಗಳಲ್ಲಿ ಆ ನೊರೆಗೇ ಬೆಂಕಿ ಹತ್ತಿತು. ೨೦೧೭ರ ಫೆಬ್ರವರಿಯಲ್ಲಿಯೂ ೨೦೧೮ರ ಜನವರಿಯಲ್ಲಿಯೂ ಕೆರೆಯಲ್ಲಿ ಮತ್ತೆ ಬೆಂಕಿ ಕಾಣಿಸಿಕೊಂಡಿತು. ೨೦೧೮ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ರಾಜ್ಯ ಸರ್ಕಾರಕ್ಕೆ ೫೦ ಕೋಟಿ ರೂಪಾಯಿಗಳನ್ನೂ, ನಗರದ ಪಾಲಿಕೆಗೆ ೨೫ ಕೋಟಿ ರೂಪಾಯಿಗಳನ್ನೂ ದಂಡವಾಗಿ ವಿಧಿಸಿತು. ಆಮೇಲೆ ಹೂಳು ತೆಗೆಯುವ ಕೆಲಸವು ಆರಂಭವಾಯಿತು. ನಗರದವರಿಗೆ ಇದು ನೊರೆಯ ಕಥೆ, ಬೆಂಕಿಯ ಕಥೆ, ಮೂಗು ಮುಚ್ಚಿಕೊಳ್ಳುವ ಕಥೆ. ಏರಿಯ ಕೆಳಗಿನ ರೈತನಿಗೆ ಅದು ತೂಬಿನ ಕಥೆ. ಅವನು ತೂಬೆತ್ತಿದರೆ ಬರುವುದು ಆ ನೀರೇ; ಬೇರೆ ನೀರಿಲ್ಲ. ಅದರಲ್ಲಿ ಅವನು ಸೊಪ್ಪನ್ನೂ ಮೇವಿನ ಹುಲ್ಲನ್ನೂ ಬೆಳೆದರೆ, ಅದೇ ಸೊಪ್ಪು ನಗರದ ಮಾರುಕಟ್ಟೆಗೆ ಬಂದು, ನೀರನ್ನು ಕೆಡಿಸಿದ ಮನೆಯ ಸಾರಿಗೇ ಸೇರುವುದು. ಆಗ ಪತ್ರಿಕೆಗಳಲ್ಲಿ ‘ಮೋರಿ ನೀರಿನ ತರಕಾರಿ’ ಎಂದು ರೈತನನ್ನು ದೂಷಿಸುವುದು ನ್ಯಾಯವಲ್ಲ.

ಊರ ಮೋರಿಯ ನೀರಿನಲ್ಲಿ ಬೇಸಾಯವು ಹಿಂದಿನಿಂದಲೂ ಉಂಟು, ಅದು ಗೊಬ್ಬರವೇ ಅಲ್ಲವೆ, ಎಂದು ವಾದಿಸುವವರಿದ್ದಾರೆ. ಈ ವಾದದಲ್ಲಿ ಸ್ವಲ್ಪ ಸತ್ಯವಿದೆ. ಮಲಮೂತ್ರಗಳಲ್ಲಿರುವ ಸಾರಜನಕ, ರಂಜಕಗಳು ಪೈರಿಗೆ ಆಹಾರವೇ ಹೌದು. ಆದರೆ ಅಜ್ಜನ ಕಾಲದ ಮೋರಿಯು ಬೇರೆ, ಇಂದಿನದು ಬೇರೆ. ವರ್ತೂರು ಕೆರೆಯ ಕೆಸರಿನಲ್ಲಿ ಭಾರಲೋಹಗಳಿರುವುದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರು ಗುರುತಿಸಿರುವರು. ಸಗಣಿಯು ಕೊಳೆತು ಮಣ್ಣಾಗುವುದು. ಸೀಸ, ಕ್ಯಾಡ್ಮಿಯಂಗಳು ಕೊಳೆಯುವುದಿಲ್ಲ. ಹಿಂದೆ ಬೇಸಗೆಯಲ್ಲಿ ಕೆರೆಯ ಗೋಡನ್ನು ಗಾಡಿಗಳಲ್ಲಿ ಹೊತ್ತು ಹೊಲಕ್ಕೆ ಹಾಕುವುದು ಉತ್ತಮವಾದ ಪದ್ಧತಿಯಾಗಿತ್ತು. ಈ ಸೀಮೆಯ ಗೋಡನ್ನು ಪರೀಕ್ಷೆ ಮಾಡಿಸದೆ ಹೊಲಕ್ಕೆ ಹಾಕುವುದು ಇಂದು ಅಪಾಯಕರ.

ಈ ಸಂದರ್ಭದಲ್ಲಿ ಅಮೆರಿಕದ ನಡುನಾಡಿನ ಅಯೋವಾ ಸಂಸ್ಥಾನದ ಸ್ಥಿತಿಯನ್ನು ಹೋಲಿಸಿ ನೋಡುವುದು ಪ್ರಯೋಜನಕರ. ೧೮೪೬ನೆಯ ಡಿಸೆಂಬರ್ ೨೮ರಂದು ಇಪ್ಪತ್ತೊಂಬತ್ತನೆಯ ಸಂಸ್ಥಾನವಾಗಿ ಒಕ್ಕೂಟಕ್ಕೆ ಸೇರಿದ ಈ ನಾಡಿನ ವಿಸ್ತೀರ್ಣ ಸುಮಾರು ೫೬,೦೦೦ ಚದರ ಮೈಲಿ. ೨೦೨೦ರ ಜನಸಂಖ್ಯೆ ಸುಮಾರು ೩೨ ಲಕ್ಷ. ಮೂಡಲಿಗೆ ಮಿಸಿಸಿಪ್ಪಿ, ಪಡುವಲಿಗೆ ಮಿಸ್ಸೂರಿ. ಬೆಂಗಳೂರಿನಂತೆಯೇ ಅಲ್ಲಿಯ ನೀರೂ ಎರಡು ಕಡೆಗೆ ಹರಿಯುವುದು. ಹುಲ್ಲುಗಾವಲಿನ ಕಪ್ಪು ಮಣ್ಣು ಬಹು ಫಲವತ್ತಾದುದು, ಆದರೆ ಜೌಗು. ವಲಸೆ ಬಂದ ಒಕ್ಕಲುಗಳು ಸುಟ್ಟ ಮಣ್ಣಿನ ಕೊಳವೆಗಳನ್ನು ನೆಲದೊಳಗೆ ಹೂತು ಜೌಗನ್ನು ಬಸಿದು ಹೊಲ ಮಾಡಿದರು. ಇಂದು ಮುಸುಕಿನ ಜೋಳದಲ್ಲಿಯೂ ಹಂದಿ ಸಾಕಣೆಯಲ್ಲಿಯೂ ಆ ದೇಶಕ್ಕೆಲ್ಲ ಅದೇ ಮುಂದು. ಕೃಷಿ ಕಾಲೇಜುಗಳಿಗೆ ಭೂಮಿಯನ್ನು ಕೊಡುವ ೧೮೬೨ರ ಮಾರಿಲ್ ಶಾಸನವನ್ನು ಮೊದಲು ಒಪ್ಪಿದ ಸಂಸ್ಥಾನವೂ ಅದೇ. ಆ ಮಾದರಿಯ ವಿದ್ಯಾಲಯಗಳ ಅನುಭವವನ್ನು ಅನುಸರಿಸಿಯೇ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ೧೯೬೪ರಲ್ಲಿ ಹುಟ್ಟಿದುದು.

ಆದರೆ ಹೊಲವನ್ನು ಬಸಿಯುವ ಆ ಕೊಳವೆಗಳೇ ಗೊಬ್ಬರದ ನೈಟ್ರೇಟನ್ನೂ ಹೊಳೆಗೆ ಬಸಿದುವು. ರಾಜಧಾನಿಯಾದ ಡೆ ಮಾಯ್ನ್ ನಗರದವರು ಕುಡಿಯುವುದು ಆ ಹೊಳೆಯ ನೀರನ್ನೇ. ಅಲ್ಲಿಯ ನೀರು ಸರಬರಾಜು ಸಂಸ್ಥೆಯು ೨೦೧೫ರಲ್ಲಿ ಮೇಲಣ ಮೂರು ಕೌಂಟಿಗಳ ಬಸಿಗಾಲುವೆ ಮಂಡಲಿಗಳ ಮೇಲೆ ದಾವೆ ಹೂಡಿತು. ೨೦೧೭ರಲ್ಲಿ ದಾವೆಯು ವಜಾ ಆಯಿತು. ಅಲ್ಲಿ ರೈತನ ನೀರು ನಗರಕ್ಕೆ ಇಳಿಯಿತು. ಇಲ್ಲಿ ನಗರದ ನೀರು ರೈತನಿಗೆ ಇಳಿಯಿತು. ಅಲ್ಲಿ ನಗರದವರು ನ್ಯಾಯಾಲಯಕ್ಕೆ ಹೋದರು. ದಂಡಿನ ಕೆಳಗಣ ರೈತನಿಗೆ ಅಷ್ಟು ಶಕ್ತಿಯೆಲ್ಲಿ? ನೈಟ್ರೇಟನ್ನು ದಿನದಿನವೂ ಅಳೆದು ಜನರಿಗೆ ತಿಳಿಸುವ ವ್ಯವಸ್ಥೆಯಾದರೂ ಆ ನಗರದಲ್ಲಿದೆ. ವರ್ತೂರಿನ ರೈತನಿಗೆ ತನ್ನ ತೂಬಿನಲ್ಲಿ ಏನು ಬರುತ್ತಿದೆಯೆಂದು ತಿಳಿಯಲು ಕಣ್ಣು ಮೂಗುಗಳೇ ಸಾಧನ.

ಈಗ ಈ ಪ್ರಶ್ನೆಯು ವರ್ತೂರಿನಲ್ಲಿಯೇ ನಿಂತಿಲ್ಲ. ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡನೆಯ ಹಂತದವರೆಗೆ ಶುದ್ಧಿಮಾಡಿ, ದಿನಕ್ಕೆ ೪೪ ಕೋಟಿ ಲೀಟರುಗಳಂತೆ ಕೋಲಾರ ಜಿಲ್ಲೆಯ ಕಡೆಯ ೧೨೬ ಕೆರೆಗಳಿಗೆ ತುಂಬಿಸುವ ಯೋಜನೆಯನ್ನು ಸರ್ಕಾರದವರು ಕೈಗೊಂಡು, ೨೦೧೮ರ ಜೂನಿನಲ್ಲಿ ಲಕ್ಷ್ಮೀಸಾಗರದ ಕೆರೆಗೆ ನೀರು ಬಿಟ್ಟರು. ಮರು ತಿಂಗಳಲ್ಲಿಯೇ ನೊರೆ ಕಂಡುದರಿಂದ ಕೂಗೆದ್ದು, ವ್ಯವಹಾರವು ನ್ಯಾಯಾಲಯಗಳ ಮೆಟ್ಟಲೇರಿ, ಕೆಲವು ಕಾಲ ನಿಂತು, ಮತ್ತೆ ನಡೆಯಿತು. ಜೀವನದಿಯೇ ಇಲ್ಲದ ಕೋಲಾರದಲ್ಲಿ ಸಾವಿರ ಅಡಿ ಕೊರೆದರೂ ನೀರು ಕಾಣದ ರೈತನು ಈ ನೀರನ್ನು ಬೇಡವೆನ್ನಲಾರ. ಬತ್ತಿದ ಕೊಳವೆ ಬಾವಿಗಳಲ್ಲಿ ಮತ್ತೆ ನೀರು ಕಂಡುದನ್ನು ಅಲ್ಲಿಯ ರೈತರೇ ಹೇಳುವರು. ದಾಹಗೊಂಡವನ ಮುಂದೆ ಚೊಂಬನ್ನು ಹಿಡಿದು, ಇದು ಬೇಡವೆಂದು ಉಪದೇಶ ಮಾಡುವುದು ನಿರ್ದಯತೆ. ಆದುದರಿಂದ ಯೋಜನೆಯನ್ನು ನಿಲ್ಲಿಸಬೇಕೆಂಬ ಪಕ್ಷವು ಸಾಧುವಲ್ಲ. ಆದರೆ ಶುದ್ಧೀಕರಣವು ಎರಡನೆಯ ಹಂತದಲ್ಲಿಯೇ ಸಾಕೆಂಬ ಪಕ್ಷವೂ ಸಾಧುವಲ್ಲ. ಯೋಜನೆಯ ಉದ್ದೇಶವು ಅಂತರ್ಜಲವನ್ನು ಹೆಚ್ಚಿಸುವುದೇ ಹೊರತು ನೇರವಾಗಿ ಪೈರಿಗೆ ಹಾಯಿಸುವುದಲ್ಲವೆಂದು ಸಮಾಧಾನ ಹೇಳುವರು. ಕೆರೆಯ ಏರಿಯ ಮೇಲೆ ನಿಂತು ಒಣಗುವ ಟೊಮೇಟೊ ತೋಟವನ್ನು ನೋಡುವವನಿಗೆ ಈ ಭೇದವು ಎಷ್ಟು ದಿನ ನಿಂತೀತು? ಅಂತರ್ಜಲಕ್ಕೆ ಇಳಿದ ನೀರಾದರೂ ಮುಂದೆ ಮೇಲಕ್ಕೆ ಬರುವುದು ಕುಡಿಯುವುದಕ್ಕೂ ಬೆಳೆಯುವುದಕ್ಕೂ ಅಲ್ಲದೆ ಮತ್ತೇತಕ್ಕೆ? ಕೆರೆಯು ಕೆಟ್ಟರೆ ಹೂಳು ತೆಗೆಯಬಹುದು. ನೆಲದೊಳಗಿನ ನೀರು ಕೆಟ್ಟರೆ ಅದನ್ನು ತೊಳೆಯುವ ಉಪಾಯವು ಯಾರ ಕೈಯಲ್ಲಿಯೂ ಇಲ್ಲ.

ಮೂರನೆಯ ಹಂತದ ಶುದ್ಧಿಗೆ ಖರ್ಚು ಹೆಚ್ಚೆಂಬುದು ನಿಜ. ಆದರೆ ಖರ್ಚಿಲ್ಲದ ಪಕ್ಷವು ಯಾವುದೂ ಇಲ್ಲ. ನಗರವು ಕೊಡದ ಖರ್ಚನ್ನು ಹೊಲವು ಕೊಡಬೇಕಾಗುವುದು, ಅಷ್ಟೆ. ಕಾರ್ಖಾನೆಯ ನೀರು ಮನೆಯ ಮೋರಿಗೆ ಕೂಡದಂತೆ ಮೂಲದಲ್ಲಿಯೇ ಬೇರ್ಪಡಿಸಿದರೆ ಶುದ್ಧಿಯ ಕೆಲಸವು ಬಹಳ ಹಗುರಾಗುವುದು. ಲೋಹವು ಒಮ್ಮೆ ಲಕ್ಷಾಂತರ ಮನೆಗಳ ನೀರಿನಲ್ಲಿ ಬೆರೆತ ಮೇಲೆ ಅದನ್ನು ಹೆಕ್ಕುವುದು ರಾಗಿಯಲ್ಲಿ ಬಿದ್ದ ಸಾಸಿವೆಯನ್ನು ಹೆಕ್ಕಿದಂತೆ. ಅಲ್ಲಿಯ ತನಕ ಬೆಳ್ಳಂದೂರು, ವರ್ತೂರುಗಳ ಕೆಳಗಿನ ರೈತರು ಸೊಪ್ಪು, ಗಡ್ಡೆಗಳನ್ನು ಬಿಟ್ಟು ಹೂವು, ಅಲಂಕಾರದ ಗಿಡ ಇವುಗಳ ಕಡೆಗೆ ತಿರುಗುವುದು ಕ್ಷೇಮ. ಮೇವಿನ ಹುಲ್ಲಿನ ವಿಷಯದಲ್ಲಿಯೂ ಜಾಗ್ರತೆ ಬೇಕು, ಏಕೆಂದರೆ ಹಸುವು ತಿಂದುದು ಹಾಲಿಗೆ ಬರುವುದು. ಹೀಗೆ ಬೆಳೆಯನ್ನು ಬದಲಾಯಿಸುವ ರೈತನಿಗೆ ಮೊದಲ ವರ್ಷಗಳ ನಷ್ಟವನ್ನು ತುಂಬಿಕೊಡದೆ ಬರಿಯ ಎಚ್ಚರಿಕೆ ಕೊಟ್ಟರೆ ಅವನು ಕೇಳುವುದಿಲ್ಲ. ಕೇಳಬೇಕೆಂದು ನಿರೀಕ್ಷಿಸುವುದೂ ತಪ್ಪು.

ಹಿಂದೆ ಪ್ರತಿಯೊಂದು ಕೆರೆಗೂ ಒಬ್ಬ ನೀರುಗಂಟಿಯಿದ್ದನು. ಯಾವ ಗದ್ದೆಗೆ ಎಷ್ಟು ನೀರೆಂಬುದನ್ನು ಅವನು ಬಲ್ಲವನಾಗಿದ್ದನು, ಮತ್ತು ಅದಕ್ಕೆ ಊರಿಗೆಲ್ಲ ಜವಾಬ್ದಾರನಾಗಿದ್ದನು. ಈಗ ಬೇಕಾಗಿರುವುದು ಎಂಥ ನೀರೆಂಬುದನ್ನು ಬಲ್ಲ ನೀರುಗಂಟಿ. ವರ್ತೂರಿನಿಂದ ಲಕ್ಷ್ಮೀಸಾಗರದವರೆಗೆ, ಈ ನೀರು ಮುಟ್ಟುವ ಪ್ರತಿಯೊಂದು ಕೆರೆಯ ನೀರನ್ನೂ ತಿಂಗಳಿಗೊಮ್ಮೆ, ಅಚ್ಚುಕಟ್ಟಿನ ಮಣ್ಣನ್ನು ವರ್ಷಕ್ಕೊಮ್ಮೆ ಪರೀಕ್ಷಿಸಿ, ಬಂದ ಅಂಕಿಗಳನ್ನು ಇಂಗ್ಲಿಷಿನ ವರದಿಗಳಲ್ಲಿ ಹುದುಗಿಸಿಡದೆ ಕನ್ನಡದಲ್ಲಿ ಪಂಚಾಯಿತಿಯ ಹಲಗೆಯ ಮೇಲೆ ಬರೆಯಿಸತಕ್ಕದ್ದು: ಸೀಸವೆಷ್ಟು, ಕ್ಯಾಡ್ಮಿಯಂ ಎಷ್ಟು, ನೈಟ್ರೇಟ್ ಎಷ್ಟು, ಇರಬಹುದಾದ ಮಿತಿ ಎಷ್ಟು, ಈ ತಿಂಗಳು ಈ ನೀರಿನಲ್ಲಿ ಏನನ್ನು ಬೆಳೆಯಬಹುದು, ಏನನ್ನು ಬೆಳೆಯಕೂಡದು. ಈ ಪರೀಕ್ಷೆಯ ವೆಚ್ಚವನ್ನು ಕೋಲಾರದ ಪಂಚಾಯಿತಿಗಳ ಮೇಲೆ ಹೊರಿಸುವುದು ಸಲ್ಲದು. ನೀರು ಯಾರ ಮನೆಯ ನಲ್ಲಿಯಿಂದ ಹೊರಟಿತೋ ಅವರ ನೀರಿನ ಬಿಲ್ಲಿನಲ್ಲಿಯೇ, ಶಿವಾಜಿನಗರದಿಂದ ಕೃಷ್ಣರಾಜಪುರದವರೆಗೆ, ಅದನ್ನು ಸೇರಿಸತಕ್ಕದ್ದು.